ರೊಟ್ಟಿ ಬಿಟ್ಟ ಸವಾರ

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಒಂದು ಒಕ್ಕಲು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಎಳೆಬಿಸಿಲು ಅಂಗಳಕ್ಕೆ ಇಳಿದಿದೆ. ಒಲೆಯ ಮೇಲೆ ಹಂಚು ಕಾದಿದೆ. ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಹಿರಿಯ ಮಗ ನಸುಕಿನಲ್ಲೆದ್ದು, ಅದಿರಿನ ಲಾರಿಗಳ ಓಡಾಟ ಬಲಿಯುವ ಮೊದಲೇ ಐವತ್ತು ಕಿಲೋಮೀಟರು ಸೈಕಲ್ ತುಳಿದು ಬಂದು, ಅದನ್ನು ಗೋಡೆಗೆ ಆನಿಸಿ ಒಳಗೆ ಬಂದಿದ್ದಾನೆ. ತಾಟಿನ ಮುಂದೆ ಕುಳಿತವನು ರೊಟ್ಟಿಯನ್ನು ಎತ್ತಿ ಬುಟ್ಟಿಗೆ ಹಾಕುತ್ತಾನೆ.

“ಇವತ್ತಿನಿಂದ ರೊಟ್ಟಿ ಬ್ಯಾಡ ಯವ್ವಾ. ತತ್ತಿ, ತುಪ್ಪ, ಒಂದು ಹಿಡಿ ಶೇಂಗಾ ಸಾಕು.”

“ರೊಟ್ಟಿ ಬ್ಯಾಡಂದ್ರೆ ಮೈಯಾಗ ಕಸುವು ಎಲ್ಲಿಂದ ಬರ್ತೈತೋ?”

ಮನೆ ಕಲ್ಪನೆಯದು, ಮಗನ ವ್ರತ ಮಾತ್ರ ಕಲ್ಪನೆಯಲ್ಲ. ಅನ್ನ, ರೊಟ್ಟಿ, ಸಕ್ಕರೆ, ಬೆಲ್ಲಗಳನ್ನು ತ್ಯಜಿಸಿ ಕೊಬ್ಬಿನಿಂದಲೇ ಹೊಟ್ಟೆ ತುಂಬಿಕೊಳ್ಳುವ ಈ ಪದ್ಧತಿ ಕಳೆದ ಒಂದೂವರೆ ದಶಕದಲ್ಲಿ ಲೋಕದ ಓಟಗಾರರನ್ನೂ ಸೈಕಲ್ ಪಟುಗಳನ್ನೂ ಆಕರ್ಷಿಸಿದೆ. 2016ರ ಜನವರಿಯಲ್ಲಿ, ಅಷ್ಟರಲ್ಲಿ ಎರಡು ಬಾರಿ ‘ಟೂರ್ ದ ಫ್ರಾನ್ಸ್’ ಗೆದ್ದಿದ್ದ ಕ್ರಿಸ್ ಫ್ರೂಮ್ ತನ್ನ ಬೆಳಗಿನ ಉಪಾಹಾರದ ಚಿತ್ರವೊಂದನ್ನು ಪ್ರಕಟಿಸಿದನು. ತಟ್ಟೆಯಲ್ಲಿ ಮೊಟ್ಟೆ, ಮೀನು, ಬೆಣ್ಣೆಹಣ್ಣು; ಬ್ರೆಡ್ಡಿನ ಚೂರೂ ಇಲ್ಲ! ಅಂದು ಆತನಿಗೆ ವಿಶ್ರಾಂತಿಯ ದಿನವಾಗಿತ್ತೆಂಬ ಸಂಗತಿಯನ್ನು ಗಮನಿಸುವ ವ್ಯವಧಾನ ಎಷ್ಟೋ ಅಭಿಮಾನಿಗಳಿಗೆ ಇರಲಿಲ್ಲ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವಿದೆ. ಕರ್ನಾಟಕದ ಸೈಕಲ್ ಪಟುಗಳ ತವರೆಂದರೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು. ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಹೆಸರು ಮಾಡಿದ ಅನೇಕ ತರುಣ ತರುಣಿಯರು ಅಲ್ಲಿನ ರೈತ ಮನೆತನಗಳಿಂದ ಬಂದವರು. ಅಲ್ಲಿಂದ ಬಂಡ್ರಿಯವರೆಗೂ ಹಬ್ಬಿರುವ ಬಯಲುಸೀಮೆಯ ಕಸುವಿಗೆ ಮೂಲ ಜೋಳವೇ. ಆದುದರಿಂದ ಇಲ್ಲಿಯ ಸವಾರ ಶರ್ಕರಪಿಷ್ಟವನ್ನು ಬಿಡುತ್ತೇನೆಂದರೆ ಅದು ಕೇವಲ ಪಥ್ಯದ ಮಾತಾಗುವುದಿಲ್ಲ. ತನ್ನ ಹೊಲವನ್ನೂ ತಾಯಿಯ ಒಲೆಯನ್ನೂ ಬಿಟ್ಟು ಬೇರೆಡೆ ಊಟ ಹುಡುಕಿದಂತಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಈ ಪಥ್ಯದ ಕಟ್ಟುನಿಟ್ಟಾದ ರೂಪದಲ್ಲಿ ದಿನಕ್ಕೆ 50 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟಕ್ಕೆ ಮಾತ್ರ ಅವಕಾಶ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವಿರುತ್ತದೆ. ಎಂದರೆ ಒಂದು ದೊಡ್ಡ ರೊಟ್ಟಿ ಉಂಡರೆ ಆ ದಿನದ ಪಾಲು ಬಹುಮಟ್ಟಿಗೆ ತೀರಿತು! ಇನ್ನು ಒಂದು ಬಾಳೆಹಣ್ಣು ತಿಂದರೆ ವ್ರತಭಂಗ. ತೊಗರಿಬೇಳೆಯೂ ನಿಶ್ಶಂಕೆಯಿಂದ ಉಣ್ಣುವಂಥದಲ್ಲ, ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಶರ್ಕರಪಿಷ್ಟವೇ. ನಿತ್ಯ 3000 ಕ್ಯಾಲೊರಿ ಬೇಕಾದ ಸವಾರನು ಅದರ ಮುಕ್ಕಾಲು ಪಾಲನ್ನು ಕೊಬ್ಬಿನಿಂದ ಪಡೆಯಬೇಕಾದರೆ ದಿನಕ್ಕೆ ಕಾಲು ಕಿಲೋ ಕೊಬ್ಬನ್ನು ಹೊಟ್ಟೆಗೆ ಸೇರಿಸಬೇಕು. ಮಾಂಸ, ಮೊಟ್ಟೆ ಮುಟ್ಟದ ಮನೆಯಾದರೆ ತುಪ್ಪ, ಬೆಣ್ಣೆ, ಪನೀರು, ಕೊಬ್ಬರಿ, ಶೇಂಗಾ ಇವಿಷ್ಟರಲ್ಲಿಯೇ ಆಟ ಮುಗಿಸಬೇಕು. ಪಡಿತರದ ಅಕ್ಕಿಯ ಮೂಟೆ ಮೂಲೆಯಲ್ಲಿರುವಾಗ ಕಿಲೋಗಟ್ಟಲೆ ತುಪ್ಪಕ್ಕೆ ಹಣ ಹೊಂದಿಸುವ ಒಕ್ಕಲಿಗನ ಅವಸ್ಥೆಯನ್ನು ವಿವರಿಸಬೇಕಾಗಿಲ್ಲ.

ಇಷ್ಟಾದರೂ ಸವಾರನಿಗೆ ಈ ಪಥ್ಯದ ಮೋಹ ಏಕೆ? ಮೋಹಕ್ಕೆ ಬಲವಾದ ಕಾರಣವಿದೆ. ನಾವು ಉಂಡ ಶರ್ಕರಪಿಷ್ಟ ಗ್ಲೈಕೋಜನ್ ಎಂಬ ರೂಪ ತಾಳಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗುತ್ತದೆ. ಈ ಕಣಜ ಚಿಕ್ಕದು: ಸುಮಾರು 400ರಿಂದ 500 ಗ್ರಾಂ, ಅಂದರೆ 2000 ಕ್ಯಾಲೊರಿಯ ಆಸುಪಾಸು. ಪಂದ್ಯದ ವೇಗದಲ್ಲಿ ತುಳಿದರೆ ಎರಡು ಮೂರು ಗಂಟೆಗಳಲ್ಲಿ ಬರಿದಾಗುತ್ತದೆ. ಆಗ ಕಾಲು ಕಟ್ಟಿಗೆಯಾಗುತ್ತದೆ, ಕಣ್ಣು ಮಂಜಾಗುತ್ತದೆ, ಗೆಲ್ಲುವ ಮಾತಿರಲಿ, ಮನೆ ಮುಟ್ಟಿದರೆ ಸಾಕೆನ್ನಿಸುತ್ತದೆ. ಕೊಬ್ಬಿನ ಉಗ್ರಾಣವಾದರೋ ಅಗಾಧವಾದದ್ದು. 70 ಕಿಲೋ ತೂಕದ ಸಪೂರ ಸವಾರನ ಮೈಯಲ್ಲಿಯೂ ಆರೇಳು ಕಿಲೋ ಕೊಬ್ಬಿರುತ್ತದೆ. ಅದರಲ್ಲಿ ಅಡಗಿರುವುದು 50,000 ಕ್ಯಾಲೊರಿಗೂ ಮಿಕ್ಕಿದ ಶಕ್ತಿ. ಉಗ್ರಾಣದ ಬೀಗ ತೆರೆದರೆ ಕಣಜದ ಚಿಂತೆಯೇ ಇಲ್ಲವಲ್ಲ! ತರ್ಕ ಸೊಗಸಾಗಿದೆ.

ತರ್ಕವನ್ನು ಒರೆಗೆ ಹಚ್ಚುವ ಕೆಲಸ ಹಳೆಯದು. ಡೆನ್ಮಾರ್ಕಿನ ಕ್ರಿಸ್ಟೆನ್ಸೆನ್ ಮತ್ತು ಹ್ಯಾನ್ಸೆನ್ ಎಂಬ ವಿಜ್ಞಾನಿಗಳು 1939ರಲ್ಲಿಯೇ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಜನರನ್ನು ಕೂರಿಸಿ ದಣಿಯುವ ತನಕ ತುಳಿಸಿದಾಗ, ಕೆಲವು ದಿನ ಕೊಬ್ಬಿನ ಊಟ ಮಾಡಿದವರು ಸುಮಾರು ಒಂದೂವರೆ ಗಂಟೆಯಲ್ಲಿ ಸೋತರು. ಶರ್ಕರಪಿಷ್ಟದ ಊಟ ಮಾಡಿದಾಗ ಅವರೇ ಮೂರು ಗಂಟೆಗೂ ಮೀರಿ ತುಳಿದರು. ಬಂಡ್ರಿಯ ತಾಯಿಯ ಪ್ರಶ್ನೆಗೆ ಅಂದೇ ಉತ್ತರ ದೊರೆತಂತಾಯಿತು.

ಆದರೆ ಮೂರು ನಾಲ್ಕು ದಿನಗಳಲ್ಲಿ ದೇಹ ಹೊಸ ಊಟಕ್ಕೆ ಹೊಂದಿಕೊಂಡೀತೆ? ಈ ಆಕ್ಷೇಪವನ್ನು ಎತ್ತಿದವನು ಅಮೆರಿಕದ ವೈದ್ಯ ಸ್ಟೀಫನ್ ಫಿನ್ನಿ. 1983ರಲ್ಲಿ ಪ್ರಕಟವಾದ ಆತನ ಪ್ರಯೋಗದಲ್ಲಿ ಐವರು ನುರಿತ ಸೈಕಲ್ ಪಟುಗಳು ನಾಲ್ಕು ವಾರ, ದಿನಕ್ಕೆ 20 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟ ತಿಂದು ಬದುಕಿದರು. ಪಥ್ಯಕ್ಕೆ ಮುನ್ನ ದಣಿಯುವ ತನಕ ಸರಾಸರಿ 147 ನಿಮಿಷ ತುಳಿದಿದ್ದವರು ಪಥ್ಯದ ಬಳಿಕ 151 ನಿಮಿಷ ತುಳಿದರು. ಕೊಬ್ಬಿನ ಪಕ್ಷದವರು ಇಂದಿಗೂ ಎತ್ತಿ ಹಿಡಿಯುವ ಧ್ವಜ ಇದೇ. ಧ್ವಜದ ನೆರಳನ್ನೂ ನೋಡಬೇಕು. ಸರಾಸರಿಯೊಳಗೆ ಒಬ್ಬನ ಅವಧಿ ಅರ್ಧಕ್ಕೂ ಮಿಕ್ಕಿ ಬೆಳೆದಿತ್ತು, ಬೇರೆ ಕೆಲವರದು ಇಳಿದಿತ್ತು. ಮೇಲಾಗಿ ಅವರು ತುಳಿದದ್ದು ಮಧ್ಯಮ ವೇಗದಲ್ಲಿ. ಪಂದ್ಯವನ್ನು ಗೆಲ್ಲಿಸುವ ವೇಗ ಅದಲ್ಲ.

ಈ ಕಥೆಯಲ್ಲಿ ಅತ್ಯಂತ ಕುತೂಹಲದ ಪಾತ್ರ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಪ್ರಾಧ್ಯಾಪಕ ಟಿಮ್ ನೋಕ್ಸ್ ಅವರದು. ಓಟಗಾರರು ಧರ್ಮಗ್ರಂಥದಂತೆ ಓದುತ್ತಿದ್ದ ದೊಡ್ಡ ಪುಸ್ತಕವೊಂದರಲ್ಲಿ ಅವರು ಶರ್ಕರಪಿಷ್ಟದ ಮಹಿಮೆಯನ್ನು ಸಾರಿದ್ದರು. ಹಾಗೆಯೇ ಉಂಡು, ಹಾಗೆಯೇ ಓಡಿ, ಕೊನೆಗೆ ಸ್ವತಃ ಮಧುಮೇಹಕ್ಕೆ ಗುರಿಯಾದರು. ಅವರ ತಂದೆಯನ್ನೂ ಅದೇ ರೋಗ ಕಾಡಿತ್ತು. 2010ರ ಕೊನೆಯಲ್ಲಿ ಅವರು ತಮ್ಮ ಮತವನ್ನು ಬದಲಿಸಿ, ತಮ್ಮದೇ ಪುಸ್ತಕದ ಆ ಪುಟಗಳನ್ನು ಹರಿದು ಹಾಕಿರೆಂದು ಓದುಗರಿಗೆ ಹೇಳಿದರು! ಇಳಿವಯಸ್ಸಿನಲ್ಲಿ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವ ಧೈರ್ಯ ಎಲ್ಲ ಪಂಡಿತರಿಗೂ ಇರುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ ಈ ಪಥ್ಯಕ್ಕೆ ‘ಬ್ಯಾಂಟಿಂಗ್’ ಎಂಬ ಹೆಸರಿದೆ. 1863ರಲ್ಲಿ ತನ್ನ ಬೊಜ್ಜು ಕರಗಿದ ಕಥೆಯನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ ಲಂಡನ್ನಿನ ವಿಲಿಯಂ ಬ್ಯಾಂಟಿಂಗನ ಹೆಸರು ಅದು. ಆತನ ಕಸುಬು ಶವಸಂಸ್ಕಾರದ ಏರ್ಪಾಟು. ಸೈಕಲ್ ಪಂದ್ಯಕ್ಕೂ ಆತನಿಗೂ ಯಾವ ನಂಟೂ ಇರಲಿಲ್ಲ.

ವಿಚಿತ್ರವೆಂದರೆ, ಕೊಬ್ಬಿನ ಪಥ್ಯದ ದೌರ್ಬಲ್ಯವನ್ನು ತೋರಿಸಿಕೊಟ್ಟ ಪ್ರಯೋಗಗಳಲ್ಲೊಂದು ನಡೆದದ್ದು ಇದೇ ಕೇಪ್‌ಟೌನಿನಲ್ಲಿ, ಅದೂ ನೋಕ್ಸ್ ಅವರ ಸಹಭಾಗಿತ್ವದಲ್ಲಿಯೇ. 2006ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಸೈಕಲ್ ಪಟುಗಳು ಆರು ದಿನ ಕೊಬ್ಬಿನ ಊಟ, ಏಳನೆಯ ದಿನ ಶರ್ಕರಪಿಷ್ಟದ ಊಟ ಮಾಡಿ 100 ಕಿಲೋಮೀಟರು ತುಳಿದರು. ನಡುನಡುವೆ ಒಂದೊಂದು ಕಿಲೋಮೀಟರು ಜೀವ ಬಿಟ್ಟು ಧಾವಿಸಬೇಕಾಗಿತ್ತು. ಒಟ್ಟು ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಒಂದು ಕಿಲೋಮೀಟರಿನ ಧಾವಂತದಲ್ಲಿ ಕೊಬ್ಬು ಉಂಡವರ ಕಾಲಿನ ಬಲ ಕುಗ್ಗಿತ್ತು.

ಸೈಕಲ್ ಪಂದ್ಯವನ್ನು ಕಂಡವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ನೂರು ಕಿಲೋಮೀಟರಿನ ರಸ್ತೆ ಪಂದ್ಯದಲ್ಲಿ ತೊಂಬತ್ತು ಕಿಲೋಮೀಟರು ಎಲ್ಲರೂ ಒಟ್ಟಿಗೇ ಇರುತ್ತಾರೆ. ಸೋಲು ಗೆಲುವು ತೀರ್ಮಾನವಾಗುವುದು ಒಂದು ಏರಿನಲ್ಲಿ, ಮುಂದಿನವನು ಗುಂಪನ್ನು ಹರಿದು ಹಾರುವ ಒಂದು ನಿಮಿಷದಲ್ಲಿ, ಅಥವಾ ಕೊನೆಯ ಇನ್ನೂರು ಮೀಟರಿನಲ್ಲಿ. ಹೊಸಪೇಟೆ–ಸಂಡೂರು ನಡುವಣ ಗುಡ್ಡದ ಏರಿನಲ್ಲಿ ಗೇರ್ ಇಳಿಸದೆ ಎದ್ದು ನಿಂತು ತುಳಿದವರಿಗೆ ಆ ಘಳಿಗೆ ಎಂಥದೆಂದು ಗೊತ್ತು. ಉಸಿರು ಸಾಲದಾದ ಆ ಘಳಿಗೆಯಲ್ಲಿ ಕೊಬ್ಬು ನೆರವಿಗೆ ಬರುವುದಿಲ್ಲ. ಕೊಬ್ಬು ಉರಿಯಲು ಆಮ್ಲಜನಕ ಬೇಕೇ ಬೇಕು. ಅದೂ ಸ್ವಲ್ಪ ಹೆಚ್ಚಾಗಿಯೇ ಬೇಕು. ಒಂದು ಲೀಟರ್ ಆಮ್ಲಜನಕದಿಂದ ಶರ್ಕರಪಿಷ್ಟ ಸುಮಾರು 5 ಕ್ಯಾಲೊರಿ ಶಕ್ತಿ ಕೊಟ್ಟರೆ ಕೊಬ್ಬು ಕೊಡುವುದು ಸುಮಾರು 4.7 ಮಾತ್ರ. ಇವೆರಡರಲ್ಲಿ ಆಮ್ಲಜನಕವಿಲ್ಲದೆಯೂ ಕೆಲವು ಕ್ಷಣ ಶಕ್ತಿ ಒದಗಿಸಬಲ್ಲದ್ದು ಸಕ್ಕರೆಯ ಅಂಶವೇ. ಪಥ್ಯ ಹಿಡಿದವನು ಪಂದ್ಯದ ಹಿಂದಿನ ದಿನ ರೊಟ್ಟಿ ಉಂಡು ಕಣಜ ತುಂಬಿಕೊಂಡರೂ ತೊಂದರೆ ಪೂರ್ಣವಾಗಿ ತಪ್ಪದು. ಬಹುದಿನ ಬಳಸದ ಬಾಗಿಲಿನ ತಿರುಗಣಿ ತುಕ್ಕು ಹಿಡಿಯುವಂತೆ, ಸಕ್ಕರೆಯನ್ನು ಉರಿಸುವ ಸ್ನಾಯುವಿನ ವ್ಯವಸ್ಥೆಯೇ ಜಡವಾಗಿರುತ್ತದೆ.

ಆಸ್ಟ್ರೇಲಿಯದ ಲೂಯಿಸ್ ಬರ್ಕ್ ಮತ್ತು ಸಂಗಡಿಗರು ಪಂದ್ಯದ ನಡಿಗೆಯಲ್ಲಿ ಪಳಗಿದ ಶ್ರೇಷ್ಠ ಪಟುಗಳನ್ನು ಮೂರು ವಾರ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದನ್ನೇ ಹೇಳುತ್ತದೆ. ಕೊಬ್ಬಿನ ಪಂಗಡದವರ ದೇಹ ಕೊಬ್ಬನ್ನು ಉರಿಸುವುದರಲ್ಲಿ ನಿಪುಣವಾಯಿತು, ಸಂದೇಹವಿಲ್ಲ. ಆದರೆ ಅದೇ ವೇಗಕ್ಕೆ ಅವರಿಗೆ ಹೆಚ್ಚು ಆಮ್ಲಜನಕ ಬೇಕಾಯಿತು. ಅದೇ ತರಬೇತಿಯಿಂದ ಉಳಿದ ಪಂಗಡದವರು 10 ಕಿಲೋಮೀಟರಿನ ನಡಿಗೆಯಲ್ಲಿ ಮುಂದುವರಿದರು. ಇವರು ಇದ್ದಲ್ಲೇ ಉಳಿದರು. ಮತ್ತೊಮ್ಮೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗವೂ ಬೇರೆ ಮಾತು ಹೇಳಲಿಲ್ಲ.

ಹಾಗಾದರೆ ಕೊಬ್ಬಿನ ಪಥ್ಯ ಶುದ್ಧ ಭ್ರಮೆಯೇ? ಹಾಗೆನ್ನುವುದೂ ಅನ್ಯಾಯ. ಜೆಫ್ ವೋಲೆಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿ 20 ತಿಂಗಳು ಈ ಪಥ್ಯದಲ್ಲಿದ್ದ ದೂರದ ಓಟಗಾರರು ನಿಮಿಷಕ್ಕೆ ಒಂದೂವರೆ ಗ್ರಾಮಿನಷ್ಟು ಕೊಬ್ಬನ್ನು ಉರಿಸಿದರು. ಸಾಮಾನ್ಯ ಊಟದ ಓಟಗಾರರು ಉರಿಸಿದ್ದು ಅದರ ಅರ್ಧಕ್ಕಿಂತ ಕಡಿಮೆ. ನಿಧಾನವಾಗಿ, ಹಗಲಿರುಳು ಸಾಗಬೇಕಾದವನಿಗೆ ಇದು ಸಣ್ಣ ಲಾಭವಲ್ಲ. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಸುಮಾರು 4800 ಕಿಲೋಮೀಟರು ತುಳಿಯುವ ಪಂದ್ಯವೊಂದಿದೆ. 2010ರಲ್ಲಿ ಬೆಂಗಳೂರಿನ ಸಮೀಮ್ ರಿಜ್ವಿ ಅದರಲ್ಲಿ ಏಕಾಂಗಿ ಸವಾರನಾಗಿ ಇಳಿದಾಗ ಭಾರತೀಯರಿಗೆ ಅದರ ಹೆಸರು ಪರಿಚಯವಾಯಿತು. ಅಲ್ಲಿ ಕೊನೆಯ ಇನ್ನೂರು ಮೀಟರಿನ ಧಾವಂತಕ್ಕೆ ಬೆಲೆಯಿಲ್ಲ. ನಿದ್ದೆಗೆಟ್ಟು ಕೆಟ್ಟ ಹೊಟ್ಟೆಗೆ ಸಿಹಿನೀರನ್ನು ಸುರಿಯುತ್ತಲೇ ಇರಬೇಕಾದ ಸಂಕಟ ತಪ್ಪಿದರೆ ಅದೇ ಭಾಗ್ಯ. ಸ್ಥೂಲಕಾಯ ಇಳಿಸಲೆಂದು ಸೈಕಲ್ ಹಿಡಿದ ನಡುವಯಸ್ಸಿನವರಿಗೂ, ಮಧುಮೇಹದ ಅಂಚಿನಲ್ಲಿರುವವರಿಗೂ ಪಿಷ್ಟವನ್ನು ಮಿತಗೊಳಿಸಿದ ಊಟದಿಂದ ಅನುಕೂಲವಾಗಬಹುದು. ಆದರೆ ಅವರ ಸಮಸ್ಯೆ ಬೇರೆ, ಇಪ್ಪತ್ತರ ಸಪೂರ ತರುಣನ ಸಮಸ್ಯೆ ಬೇರೆ. ಇಬ್ಬರಿಗೂ ಒಂದೇ ಕಷಾಯ ಕುಡಿಸುವುದೇ ಇಂದಿನ ರೂಢಿಯಾಗಿರುವುದು ವಿಷಾದದ ಸಂಗತಿ.

ಪಥ್ಯವನ್ನು ಹಿಡಿಯಲೇಬೇಕೆನ್ನುವವರು ಕೆಲವು ಸಂಗತಿಗಳನ್ನು ಮೊದಲೇ ಅರಿತಿರಬೇಕು. ಮೊದಲ ವಾರದಲ್ಲಿ ತೂಕ ಥಟ್ಟನೆ ಎರಡು ಕಿಲೋ ಇಳಿದರೆ ಹಿಗ್ಗಬೇಕಾಗಿಲ್ಲ; ಗ್ಲೈಕೋಜನ್ ತನ್ನ ತೂಕದ ಮೂರರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಕಣಜ ಬರಿದಾದಾಗ ಆ ನೀರೂ ಹೊರಟುಹೋಗುತ್ತದೆ. ನೀರಿನೊಡನೆ ಉಪ್ಪೂ ಹೋಗುತ್ತದೆ. ತಲೆನೋವು, ಬಳಲಿಕೆ, ಎದ್ದು ನಿಂತರೆ ತಲೆ ತಿರುಗುವುದು, ಸ್ನಾಯು ಹಿಡಿಯುವುದು, ಇವು ಆರಂಭದ ದಿನಗಳ ಸಹಜ ಉಪದ್ರವಗಳು. ಏಪ್ರಿಲ್ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಿ ಬೆವರು ಸುರಿಸುತ್ತ ಇಂಥ ಪ್ರಯೋಗಕ್ಕೆ ಇಳಿಯುವುದು ಅವಿವೇಕ. ಕೆಲವರಲ್ಲಿ, ಅದರಲ್ಲಿಯೂ ತೆಳುವಾದವರಲ್ಲಿ, ರಕ್ತದ ಕೆಟ್ಟ ಕೊಲೆಸ್ಟರಾಲ್ ಬಹಳ ಏರುವುದುಂಟು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ರೊಟ್ಟಿ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದೀತು.

ಗೆಲ್ಲುವವರು ಇಂದು ಏನು ಉಣ್ಣುತ್ತಿದ್ದಾರೆ? ಕೊಬ್ಬಿನ ಅಬ್ಬರದ ನಡುವೆಯೇ ಯೂರೋಪಿನ ವೃತ್ತಿಪರ ಸವಾರರು ಎದುರು ದಿಕ್ಕಿಗೆ ಸಾಗಿದ್ದಾರೆ. ದೊಡ್ಡ ಪಂದ್ಯಗಳಲ್ಲಿ ಗಂಟೆಗೆ 90ರಿಂದ 120 ಗ್ರಾಂ ಶರ್ಕರಪಿಷ್ಟವನ್ನು ಸೈಕಲ್ ಮೇಲೆಯೇ ಸೇವಿಸುತ್ತಾರೆ. ಅಷ್ಟನ್ನು ಅರಗಿಸಿಕೊಳ್ಳಲು ಕಾಲಿಗೆ ತರಬೇತಿ ಕೊಟ್ಟಂತೆ ಕರುಳಿಗೂ ತಿಂಗಳುಗಟ್ಟಲೆ ತರಬೇತಿ ಕೊಡುತ್ತಾರೆ. ಕೊಬ್ಬಿನ ಬೀಗ ತೆರೆಯುವ ವಿದ್ಯೆಯನ್ನು ಅವರು ಪೂರ್ತಿ ಕೈಬಿಟ್ಟಿಲ್ಲ. ಕೆಲವು ದಿನ ಬರಿಹೊಟ್ಟೆಯಲ್ಲಿ ನಿಧಾನವಾಗಿ ತುಳಿಯುವುದು, ವಿಶ್ರಾಂತಿಯ ದಿನ ಪಿಷ್ಟ ತಗ್ಗಿಸುವುದು, ಕಠಿಣ ದಿನಗಳಲ್ಲಿ ಮತ್ತೆ ತುಂಬಿಸುವುದು ಅವರ ಕ್ರಮ. ಫ್ರೂಮನ ಆ ಬೆಳಗಿನ ತಟ್ಟೆಯ ಗುಟ್ಟು ಇಷ್ಟೇ ಇದ್ದಿರಬೇಕು.

ಬಂಡ್ರಿಯ ಮನೆಯ ಹುಡುಗನಿಗೂ ಇದು ಅಸಾಧ್ಯವಲ್ಲ. ನಸುಕಿನ ನಿಧಾನದ ಸವಾರಿಗೆ ನೀರಷ್ಟೇ ಕುಡಿದು ಹೊರಡಲಿ. ಗುಡ್ಡ ಹತ್ತುವ ದಿನ ಎರಡು ರೊಟ್ಟಿ, ಬೇಳೆ, ಶೇಂಗಾ ಹಿಂಡಿ, ಮೊಸರು ಉಂಡು, ಎರಡು ಗಂಟೆ ತಡೆದು ಹೊರಡಲಿ. ಪಂದ್ಯದ ದಿನ ಅಂಗಿಯ ಬೆನ್ನಿನ ಜೇಬಿನಲ್ಲಿ ಬಾಳೆಹಣ್ಣು ಇರಲಿ. ಸೀಸೆಯಲ್ಲಿ ಬೆಲ್ಲ ಕರಗಿಸಿ ಉಪ್ಪು ಬೆರೆಸಿದ ನೀರಿರಲಿ. ಒಂದು ಸೀಸೆಗೆ 50 ಗ್ರಾಂ ಬೆಲ್ಲ ಸಾಕು, ಅದನ್ನೂ ಪಂದ್ಯದ ದಿನವೇ ಮೊದಲ ಬಾರಿ ಕುಡಿಯದೆ ವಾರಗಟ್ಟಲೆ ಮುಂಚಿನಿಂದ ಕುಡಿದು ಹೊಟ್ಟೆಗೆ ರೂಢಿ ಮಾಡಿಸಿರಬೇಕು.