ತೊಟ್ಟಿಲ ಸಾವು ಮತ್ತು ಕಿರುತೆರೆ

ಆರೋಗ್ಯವಾಗಿದ್ದ ಹಸುಗೂಸು ರಾತ್ರಿ ಹಾಲು ಕುಡಿದು ಮಲಗುತ್ತದೆ, ಬೆಳಿಗ್ಗೆ ಏಳುವುದಿಲ್ಲ. ಜ್ವರವಿರಲಿಲ್ಲ, ಗಾಯವೂ ಇಲ್ಲ. ಒಂದು ವರ್ಷದೊಳಗಿನ ಶಿಶುವಿನ ಇಂಥ ಸಾವಿಗೆ ಮರಣೋತ್ತರ ಪರೀಕ್ಷೆ, ಮಲಗಿದ್ದ ಜಾಗದ ಪರಿಶೀಲನೆ, ಮಗುವಿನ ಆರೋಗ್ಯದ ಹಿನ್ನೆಲೆ ಎಲ್ಲವನ್ನೂ ನೋಡಿದ ಮೇಲೂ ಕಾರಣ ಸಿಗದಿದ್ದರೆ, ಅದನ್ನು ವೈದ್ಯರು ಶಿಶುವಿನ ಹಠಾತ್ ಮರಣ ಎನ್ನುತ್ತಾರೆ. ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ ಇದು ಹೆಚ್ಚು.

ಧಾರಾವಾಹಿಗೆ ಇದು ಕಷ್ಟದ ವಸ್ತು. ಏಕೆಂದರೆ ಧಾರಾವಾಹಿ ನಡೆಯುವುದೇ ಕಾರಣಗಳಿಂದ. ಸಾವಾಯಿತೆಂದರೆ ವೀಕ್ಷಕರು 'ಯಾರು ಮಾಡಿದರು?' ಎಂದು ಕೇಳುತ್ತಾರೆ. ಇಲ್ಲಿಯೋ, ಯಾರೂ ಮಾಡಿಲ್ಲ ಎಂಬುದೇ ಸತ್ಯ.

ಬ್ರಿಟನ್ನಿನ ಬಿ.ಬಿ.ಸಿ.ಯ 'ಈಸ್ಟ್‌ಎಂಡರ್ಸ್' ಧಾರಾವಾಹಿ ಈ ವಸ್ತುವನ್ನು ಎರಡು ಬಾರಿ ತೆಗೆದುಕೊಂಡಿತು. 1985ರಲ್ಲಿ ಹಸನ್ ಎಂಬ ಕೂಸಿನ ಸಾವನ್ನು ತೋರಿಸಿತು. 2010ರ ಡಿಸೆಂಬರ್ 31ರಂದು ಆರಂಭವಾದ ಎರಡನೆಯ ಕಥೆಯಲ್ಲಿ, ಕೂಸು ಕಳೆದುಕೊಂಡ ರಾನಿ ಎಂಬ ತಾಯಿ ತನ್ನ ಸತ್ತ ಮಗುವನ್ನಿಟ್ಟು ನೆರೆಯವರ ಮಗುವನ್ನು ಎತ್ತಿಕೊಳ್ಳುತ್ತಾಳೆ. ಸಾವಿರಾರು ವೀಕ್ಷಕರು ದೂರಿತ್ತರು. ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಜನ ಇನ್ನು ಅನುಮಾನದಿಂದ ನೋಡುತ್ತಾರೆ ಎಂಬುದು ಅವರ ಸಂಕಟ. ಯೋಜಿಸಿದ್ದಕ್ಕಿಂತ ಮೊದಲೇ, 2011ರ ಏಪ್ರಿಲ್‌ನಲ್ಲಿ, ಆ ಕಥೆಗೆ ತೆರೆ ಎಳೆಯಲಾಯಿತು.

ಹಾಗೆಂದು ಟಿ.ವಿ. ಇದರಿಂದ ದೂರ ಉಳಿಯಬೇಕಿಲ್ಲ. 1991ರಲ್ಲಿ ಮಗನನ್ನು ಕಳೆದುಕೊಂಡ ಬ್ರಿಟನ್ನಿನ ಟಿ.ವಿ. ನಿರೂಪಕಿ ಆ್ಯನ್ ಡೈಮಂಡ್ ಒತ್ತಾಯದಿಂದ, ಅದೇ ವರ್ಷದ ಕೊನೆಗೆ 'ಕೂಸನ್ನು ಅಂಗಾತ ಮಲಗಿಸಿ' ಎಂಬ ಪ್ರಚಾರ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು.

ನಮ್ಮ ಭಾಗಕ್ಕೂ ಟಿ.ವಿ. ಬಂದದ್ದು ಶಿಕ್ಷಣದ ಹೆಸರಿನಲ್ಲೇ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. ಕೃಷಿ, ಆರೋಗ್ಯದ ಪಾಠಗಳನ್ನು ಜನ ಒಟ್ಟಿಗೆ ಕುಳಿತು ನೋಡಿದರು.

ಈಗ ಒಂದು ಕಥೆ ಕಲ್ಪಿಸಿಕೊಳ್ಳೋಣ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಒಂದು ಕುಟುಂಬ. ಮೂರು ತಿಂಗಳ ಕೂಸು ತೀರಿಕೊಂಡಿದೆ. ನೆರೆಯಾಕೆ, "ಮಗ್ಗಲದಾಗೇ ಮಲಗಿದ್ದಿ, ಹೆಂಗ ಗೊತ್ತಾಗ್ಲಿಲ್ಲವ್ವಾ ನಿನಗ?" ಎನ್ನುತ್ತಾಳೆ. ಈ ಮಾತು ನಿಜವಾಗಿಯೂ ಕೇಳಿಬರುವಂಥದು, ತೋರಿಸಬಹುದು. ಆದರೆ ಅದೇ ಕಂತಿನಲ್ಲಿ ಉತ್ತರವೂ ಬರಬೇಕು. ಕಲಬುರಗಿಯ ಆಸ್ಪತ್ರೆಯ ವೈದ್ಯರು, "ಎಲ್ಲಾ ನೋಡೀವಿ. ಕಾರಣ ಸಿಕ್ಕಿಲ್ಲ. ನಿಮ್ಮ ತಪ್ಪಿಲ್ಲ ತಾಯಿ" ಎಂದು ಮನೆಯವರ ಎದುರಿಗೇ ಹೇಳಬೇಕು. ಉತ್ತರವನ್ನು ಮರುವಾರಕ್ಕೆ ತಳ್ಳಿದರೆ, ಅದನ್ನು ನೋಡದವರ ಮನದಲ್ಲಿ ಆರೋಪವೊಂದೇ ಉಳಿಯುತ್ತದೆ.

ಸಂಕಲನದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟರೆ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ನೋಡುವವರು ತಾವೇ ಜೋಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಶಿಶುಗಳಿಗೆ 6, 10 ಮತ್ತು 14ನೇ ವಾರಗಳಲ್ಲಿ ಲಸಿಕೆ ಹಾಕುತ್ತಾರೆ. ಈ ಸಾವು ಹೆಚ್ಚು ಸಂಭವಿಸುವ ವಯಸ್ಸೂ ಹೆಚ್ಚುಕಡಿಮೆ ಅದೇ. ಲಸಿಕೆಯಿಂದ ಈ ಸಾವು ಬರುವುದಿಲ್ಲ. ಆದರೂ ಚುಚ್ಚುಮದ್ದಿನ ದೃಶ್ಯದ ಬೆನ್ನಿಗೇ ಖಾಲಿ ತೊಟ್ಟಿಲು ತೋರಿಸಿದರೆ, ಒಂದೂ ಮಾತಿಲ್ಲದೆ ನಾವು ಸುಳ್ಳು ಹೇಳಿದಂತೆ. ಅದನ್ನು ನಂಬಿದ ತಾಯಿ ಮುಂದಿನ ಲಸಿಕೆಗೆ ಮಗುವನ್ನು ತರದೇ ಹೋಗಬಹುದು.

ಹಾಗಾದರೆ ಮುನ್ನೆಚ್ಚರಿಕೆ ಹೇಳುವುದೆಲ್ಲಿ? ಕೂಸನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಬೇಕು. ದಿಂಬು ಬೇಡ, ಮುಖದ ಮೇಲೆ ಹೊದಿಕೆ ಬೀಳಬಾರದು, ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ ಇರಬಾರದು, ಎದೆಹಾಲು ಉಣಿಸಬೇಕು. ಇವು ಅಪಾಯ ತಗ್ಗಿಸುತ್ತವೆ, ಪೂರ್ತಿ ತಡೆಯುತ್ತವೆಂದಲ್ಲ. ಇದನ್ನು ಸಾವಿನ ಮನೆಯಲ್ಲಿ ಹೇಳಿಸಿದರೆ ತಾಯಿಯ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಬದಲು, ಬೇರೊಂದು ಕಂತಿನಲ್ಲಿ, ಬೇರೊಂದು ಬಾಣಂತಿಯ ಮನೆಗೆ ಬಂದ ಆಶಾ ಕಾರ್ಯಕರ್ತೆಯ ಬಾಯಲ್ಲಿ ಹೇಳಿಸಬಹುದು. 1984ರಲ್ಲಿ ಆರಂಭವಾದ ದೂರದರ್ಶನದ 'ಹಮ್ ಲೋಗ್'ನಲ್ಲಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ವೀಕ್ಷಕರೊಡನೆ ಮಾತಾಡುತ್ತಿದ್ದರು. ಆ ಕ್ರಮವೂ ಒಳ್ಳೆಯದೇ.

ಇನ್ನು, ಎರಡೇ ವಾರದಲ್ಲಿ ಆಕೆ ಮತ್ತೆ ಬಸುರಿಯಾದಳೆಂದು ತೋರಿಸಿ ದುಃಖ ಮುಗಿಸಬಾರದು. ಒಂದು ಕೂಸಿನ ಜಾಗವನ್ನು ಇನ್ನೊಂದು ತುಂಬುವುದಿಲ್ಲ. ತಂದೆಗೂ ಅಳಲು ಒಂದು ದೃಶ್ಯ ಕೊಡಬೇಕು.

ವಿದ್ಯಾರ್ಥಿಗಳೇ, ಇಂಥ ಕಂತು ನಿಮ್ಮ ಮನೆಯ ಟಿ.ವಿ.ಯಲ್ಲಿ ಬಂದಾಗ ಕಥೆ ಯಾರತ್ತ ಬೆರಳು ತೋರಿಸುತ್ತಿದೆ ಎಂಬುದನ್ನು ಗಮನಿಸಿ. ತಾಯಿಯತ್ತ ತೋರಿಸಿದರೆ, ಜೊತೆಯಲ್ಲಿ ಕುಳಿತು ನೋಡುತ್ತಿರುವ ಹಿರಿಯರಿಗೆ ವಿಜ್ಞಾನ ಹಾಗೆ ಹೇಳುವುದಿಲ್ಲವೆಂದು ತಿಳಿಸಿ.