ಗೋಸುಂಬೆಯ ಬಾಯಾರಿಕೆ

ಮೂರು ದಶಕಗಳಿಗೂ ಮಿಕ್ಕಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದ ನಾನು ಈ ಹೊತ್ತು ಒಂದು ಪ್ರಾಣಿಯ ದೇಹಸ್ಥಿತಿಯನ್ನು ಕುರಿತು ಮಾತನಾಡಲು ಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಈ ವಿಷಯವನ್ನು ನಾನು ಗ್ರಂಥಗಳಿಂದ ಕಲಿತವನಲ್ಲ. ಒಂದು ತಪ್ಪಿನಿಂದ ಕಲಿತವನು. ಆ ಸಲುಗೆಯಿಂದಲೇ ಹೇಳುತ್ತಿದ್ದೇನೆ.

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನನ್ನ ಮಗಳ ಸಂಸಾರವಿದೆ. ಒಂದು ಜೂನ್ ತಿಂಗಳನ್ನು ನಾನು ಅಲ್ಲಿ ಕಳೆದೆ. ಹೊರಗೆ ೪೦ ಡಿಗ್ರಿ ದಾಟಿದ ಬಿಸಿಲು. ಒಳಗೆ ಹಗಲಿರುಳೂ ಓಡುವ ಹವಾನಿಯಂತ್ರಕ. ಎರಡೂ ಕಡೆ ಗಾಳಿಯಲ್ಲಿ ತೇವವೆಂಬುದೇ ಇಲ್ಲ. ಮೊಮ್ಮಗಳ ಕೋಣೆಯಲ್ಲಿ ಜಾಲರಿ ಹೊದಿಸಿದ ಎತ್ತರವಾದ ಗೂಡು. ಅದರೊಳಗೆ ಗಿಡ, ಕೊಂಬೆ, ಮೇಲೊಂದು ದೀಪ, ಮತ್ತು ಅವಳು ‘ಪಚ್ಚೆ’ ಎಂದು ಹೆಸರಿಟ್ಟು ಸಾಕಿದ್ದ ಒಂದು ಗೋಸುಂಬೆ.

ಗೋಸುಂಬೆ ಎಂದೆ. ನಮ್ಮಲ್ಲಿ ಊಸರವಳ್ಳಿಯೆಂಬ ಮಾತನ್ನು ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನಿಗೂ ಅನ್ವಯಿಸುತ್ತಾರೆ, ಪಕ್ಷ ಬದಲಿಸುವ ರಾಜಕಾರಣಿಗೂ ಅನ್ವಯಿಸುತ್ತಾರೆ. ನಿಜವಾದ ಗೋಸುಂಬೆ ಬೇರೆ. ಇಕ್ಕಳದಂತೆ ಕೊಂಬೆಯನ್ನು ಕಚ್ಚಿ ಹಿಡಿಯುವ ಪಾದ, ಸುರುಳಿ ಸುತ್ತುವ ಬಾಲ, ಒಂದಕ್ಕೊಂದು ಸಂಬಂಧವಿಲ್ಲದಂತೆ ತಿರುಗುವ ಎರಡು ಕಣ್ಣು. ನಮ್ಮ ನಾಡಿನ ಕುರುಚಲು ಕಾಡುಗಳಲ್ಲಿಯೂ ಒಂದು ಜಾತಿಯುಂಟು. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿರುವುದರಿಂದ ಹಿಡಿದು ಸಾಕುವಂತಿಲ್ಲ, ಅದು ಸರಿಯೇ. ಪಚ್ಚೆಯದು ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗದ ಮೂಲದ, ತಲೆಯ ಮೇಲೆ ಶಿರಸ್ತ್ರಾಣದಂಥ ಏಣುಳ್ಳ ಜಾತಿ. ಅಮೆರಿಕದಲ್ಲಿ ಅದನ್ನು ಗೂಡುಗಳಲ್ಲಿಯೇ ಮರಿಮಾಡಿಸಿ ಮಾರುತ್ತಾರೆ.

ಮೊಮ್ಮಗಳು ಒಂದು ವಾರದ ಶಿಬಿರಕ್ಕೆ ಹೊರಟಾಗ ಪಚ್ಚೆಯ ಆರೈಕೆ ನನ್ನ ಪಾಲಿಗೆ ಬಂತು. “ಬೆಳಿಗ್ಗೆ, ಸಂಜೆ ಎಲೆಗಳ ಮೇಲೆ ನೀರು ಸಿಂಪಡಿಸಬೇಕು ತಾತ. ತುಂಬ ಹೊತ್ತು ಮಾಡಬೇಕು, ಅದು ನಿಧಾನ” ಎಂದು ಹೇಳಿಯೇ ಹೋದಳು. ನನಗೆ ಅದು ಮಕ್ಕಳಾಟವಾಗಿ ಕಂಡಿತು. ದೀಪದ ಬಳಿ ನೀರೆರಚುವ ಅಳುಕೂ ಇತ್ತು. ಎಲೆಗಳ ಮೇಲೆ ನಾಲ್ಕು ಹನಿ ಚಿಮುಕಿಸಿ, ಬೇಸಗೆಯಲ್ಲಿ ನಾವು ಹಕ್ಕಿಗಳಿಗೆ ಇಡುವಂತೆ, ಬಟ್ಟಲಿನ ತುಂಬ ನೀರಿಟ್ಟೆ. ದಿನವೂ ತಪ್ಪದೆ ಬದಲಾಯಿಸಿದೆ. ನಾಲ್ಕನೆಯ ದಿನ ಪಚ್ಚೆ ಆಹಾರದ ಹುಳುವಿನ ಕಡೆ ತಿರುಗಿ ನೋಡಲಿಲ್ಲ. ನಡುಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತಿತ್ತು. ಬಟ್ಟಲು ಇಟ್ಟ ಹಾಗೆಯೇ ತುಂಬಿತ್ತು.

ಮಗಳು ಕಚೇರಿಯಿಂದ ಓಡಿಬಂದು ಪಶುವೈದ್ಯೆಯ ಬಳಿಗೆ ಕರೆದೊಯ್ದಳು. ಆಕೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಗೋಸುಂಬೆ ಸಾಮಾನ್ಯವಾಗಿ ನಿಂತ ನೀರನ್ನು ನೀರೆಂದೇ ಅರಿಯದು ಎಂದರು. ಎಲೆಯ ಮೇಲೆ ಹೊಳೆದು ಜಾರುವ ಮಂಜಿನ ಹನಿ, ಮಳೆಯ ಹನಿ, ಅದನ್ನು ನೆಕ್ಕಿ ಬದುಕುವ ಜೀವ ಅದು. ನೀರಿನ ಪಕ್ಕದಲ್ಲಿಯೇ ಅದನ್ನು ನಾನು ಒಣಗಿಸಿದ್ದೆ.

ಮುಂದಿನ ಅರ್ಧ ಗಂಟೆ ಆಕೆ ತೋರಿಸಿದ್ದನ್ನು ನಾನು ವಿದ್ಯಾರ್ಥಿಯಂತೆ ನೋಡಿದೆ. ಮೊದಲನೆಯದು ಕಣ್ಣು. ಗೋಸುಂಬೆಯ ರೆಪ್ಪೆಗಳು ಬೆಸೆದುಕೊಂಡು, ನಡುವೆ ಸಣ್ಣ ರಂಧ್ರವುಳ್ಳ ಗೋಪುರದಂತೆ ಹೊರಚಾಚಿರುತ್ತವೆ. ಆರೋಗ್ಯದಲ್ಲಿ ಆ ಗೋಪುರ ಉಬ್ಬಿ ದುಂಡಗಿರುತ್ತದೆ. ನೀರು ಕಡಿಮೆಯಾದಾಗ ಕುಸಿದು ಸುತ್ತಲೂ ಗುಳಿ ಬೀಳುತ್ತದೆ. ಆದರೆ ಕೈಯಲ್ಲಿ ಹಿಡಿದಾಗ ಭಯದಿಂದಲೂ ಅದು ಕಣ್ಣನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ದೂರದಲ್ಲಿ ನಿಂತು, ಅದಕ್ಕೆ ತಿಳಿಯದಂತೆ ನೋಡಬೇಕು. ಹಗಲಿನಲ್ಲಿ ಕಣ್ಣು ಮುಚ್ಚಿ ಕೂರುವುದಂತೂ ಯಾವ ಕಾರಣದಿಂದಾದರೂ ಕೆಟ್ಟ ಲಕ್ಷಣವೇ.

ಎರಡನೆಯದನ್ನು ಸಭ್ಯ ಶ್ರೋತೃಗಳ ಮುಂದೆ ಹೇಳಲು ಸಂಕೋಚ. ಆದರೆ ಅದೇ ಎಲ್ಲಕ್ಕಿಂತ ಮೊದಲು ಸುಳಿವು ಕೊಡಬಲ್ಲದ್ದು. ನಮ್ಮ ದೇಹ ತನ್ನ ಕಶ್ಮಲವನ್ನು ಬಹಳಷ್ಟು ನೀರಿನಲ್ಲಿ ಕರಗಿಸಿ ಹೊರಹಾಕುತ್ತದೆ. ಹಕ್ಕಿಗಳೂ ಸರೀಸೃಪಗಳೂ ನೀರನ್ನು ಉಳಿಸುವ ಸಲುವಾಗಿ ಅದನ್ನು ಯೂರಿಕ್ ಆಮ್ಲವಾಗಿ ಮಾರ್ಪಡಿಸಿ, ಮುದ್ದೆಯಂತೆ ವಿಸರ್ಜಿಸುತ್ತವೆ. ಪಾರಿವಾಳದ ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗ ಅದೇ. ಗೋಸುಂಬೆಯ ಹಿಕ್ಕೆಯಲ್ಲಿಯೂ ಕಪ್ಪು ಮಲದ ಜೊತೆಗೆ ಈ ಬಿಳಿ ಇರುತ್ತದೆ. ಬಿಳಿಯಾಗಿ ಮೃದುವಾಗಿದ್ದರೆ ಕ್ಷೇಮ. ತುದಿಯಲ್ಲಿ ತುಸು ಹಳದಿಯಿದ್ದರೆ ಗಾಬರಿ ಬೇಡ. ಇಡಿಯಾಗಿ ಕಾವಿಯ ಬಣ್ಣಕ್ಕೆ ತಿರುಗಿ ಸೀಮೆಸುಣ್ಣದಂತೆ ಗಟ್ಟಿಯಾದರೆ, ದೇಹದಲ್ಲಿ ನೀರಿಲ್ಲವೆಂದು ತಿಳಿಯಬೇಕು. ಈ ಸ್ಥಿತಿ ಬಹುಕಾಲ ಮುಂದುವರಿದರೆ ಮೂತ್ರಪಿಂಡ ಕೆಡುತ್ತದೆ. ಆ ಆಮ್ಲ ಕೀಲುಗಳಲ್ಲಿ ಹರಳುಗಟ್ಟುತ್ತದೆ. ಗೂಡಿನ ತಳದ ಕಾಗದವನ್ನು ನಾನು ಮೂರು ದಿನವೂ ಮೂಗು ಮುಚ್ಚಿಕೊಂಡು ಬದಲಾಯಿಸಿದ್ದೆ; ಕಣ್ಣನ್ನೂ ಮುಚ್ಚಿಕೊಂಡಿದ್ದೆ ಎಂಬುದು ಆಗ ತಿಳಿಯಿತು.

ಇನ್ನು ಬಾಯಿ. ಅದನ್ನು ತೆರೆದಾಗ ಜೊಲ್ಲು ಅಂಟಿನ ಎಳೆಗಳಂತೆ ಹಿಗ್ಗುತ್ತಿದ್ದರೆ, ಮೈಗಿಂತಲೂ ಉದ್ದ ಚಾಚಬಲ್ಲ ನಾಲಗೆ ಹುಳುವನ್ನು ಮುಟ್ಟದೆ ಸೋತು ಹಿಂದಿರುಗಿದರೆ, ಅನುಮಾನಿಸಬೇಕು. ಚರ್ಮದ ಮಡಿಕೆಯನ್ನು ಚಿವುಟಿ ನೋಡುವ ಪದ್ಧತಿ ನಾಯಿಗೆ ಒಪ್ಪುತ್ತದೆ. ಹುಟ್ಟಿನಿಂದಲೇ ಸಡಿಲ ಚರ್ಮದ ಈ ಪ್ರಾಣಿಗೆ ಅದು ಹಿಂಸೆಯಷ್ಟೆ.

ಬಣ್ಣವೋ? ನಾನೂ ಅದನ್ನೇ ನಂಬಿದ್ದೆ. ಹಸಿರಾಗಿದೆ, ಆದ್ದರಿಂದ ಸುಖವಾಗಿದೆ ಎಂದುಕೊಂಡಿದ್ದೆ. ಅದರ ಚರ್ಮದ ಕೋಶಗಳಲ್ಲಿರುವ ಅತಿ ಸೂಕ್ಷ್ಮ ಹರಳುಗಳ ನಡುವಣ ಅಂತರ ಹಿಗ್ಗಿ ಕುಗ್ಗಿದಂತೆ ಬೆಳಕು ಬೇರೆ ಬೇರೆಯಾಗಿ ಪ್ರತಿಫಲಿಸುತ್ತದೆಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ೨೦೧೫ರಲ್ಲಿ ಮಡಗಾಸ್ಕರಿನ ಒಂದು ಗೋಸುಂಬೆಯಲ್ಲಿ ತೋರಿಸಿಕೊಟ್ಟರು. ಚಳಿ, ಕೋಪ, ಸಂಗಾತಿ, ಎದುರಾಳಿ ಎಲ್ಲಕ್ಕೂ ಬಣ್ಣ ಬದಲಾಗುತ್ತದೆ. ಬಾಯಾರಿಕೆಗೆ ಅದು ನಂಬತಕ್ಕ ಸಾಕ್ಷಿಯಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿ ತನ್ನ ನಿಶ್ಶಕ್ತಿಯನ್ನು ಕೊನೆಯವರೆಗೂ ಮರೆಮಾಚುತ್ತದೆ.

ಚಿಕಿತ್ಸೆಯ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ಬಾಯಿ ತೆರೆಸಿ ನೀರು ಹೊಯ್ಯಬಾರದು; ಶ್ವಾಸನಾಳದ ದ್ವಾರ ಬಾಯಿಯ ಮುಂಭಾಗದಲ್ಲಿಯೇ ಇರುವುದರಿಂದ ನೀರು ಪುಪ್ಪುಸಕ್ಕೆ ಇಳಿಯಬಹುದು. ಸೌಮ್ಯವಾದ ಲಕ್ಷಣಗಳಿಗೆ ಎಲೆಗಳ ಮೇಲೆ ಕೆಲವು ನಿಮಿಷ ಸಿಂಪಡಿಸಿ, ಮೇಲಿನಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುವಂತೆ ಮಾಡಿದರೆ ಸಾಕು. ಕುಡಿಯಲು ತೊಡಗುವುದಕ್ಕೇ ಅದಕ್ಕೆ ಹೊತ್ತು ಹಿಡಿಯುತ್ತದೆ. ಹಾಗೆಂದು ದಿನವಿಡೀ ಒದ್ದೆಯಾಗಿಟ್ಟರೆ ಉಸಿರಾಟದ ರೋಗ ಬರುತ್ತದೆ. ನಡುವೆ ಎಲೆಗಳು ಆರಬೇಕು. ಕಣ್ಣು ಗುಳಿಬಿದ್ದು ಆಹಾರ ಬಿಟ್ಟಿದ್ದರೆ ವೈದ್ಯರೇ ಗತಿ. ಪಚ್ಚೆಗೆ ಚರ್ಮದಡಿಯಲ್ಲಿ ದ್ರವ ಕೊಟ್ಟರು.

ಆ ಸಂಜೆ ಸೀಸೆ ಹಿಡಿದು ಗೂಡಿನ ಮುಂದೆ ನಿಂತೆ. ಮೂರು ನಿಮಿಷ, ನಾಲ್ಕು ನಿಮಿಷ, ಕೈ ಸೋತಿತು. ಆಮೇಲೆ ಅದು ಒಂದು ಎಲೆಯ ತುದಿಗೆ ಬಾಯಿ ಹಚ್ಚಿ, ನಿಧಾನವಾಗಿ ದವಡೆ ಆಡಿಸತೊಡಗಿತು.

ಮೊಮ್ಮಗಳು ಶಿಬಿರದಿಂದ ಬಂದವಳು ನನ್ನನ್ನು ಮಾತನಾಡಿಸುವ ಮೊದಲು ಗೂಡಿನ ತಳದ ಕಾಗದವನ್ನು ನೋಡಿದಳು. ಬಿಳಿಯಾಗಿತ್ತು. ಆಮೇಲೆ ಮೂಲೆಯಲ್ಲಿದ್ದ ಬಟ್ಟಲನ್ನೆತ್ತಿ, “ಇದು ಯಾಕೆ ತಾತ?” ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಟ್ಟಲನ್ನು ತೊಳೆದು ಅಡುಗೆಮನೆಯಲ್ಲಿಟ್ಟು ಬಂದಳು. ಮರುದಿನ ಬೆಳಿಗ್ಗೆ ಸಿಂಪಡಿಸುವ ಸೀಸೆಯನ್ನು ನನ್ನ ಕೈಗೇ ಕೊಟ್ಟು, ಗಡಿಯಾರ ಹಿಡಿದು ಪಕ್ಕದಲ್ಲಿ ಕುಳಿತಳು.