ಬಿಟ್ಟ ಪದವಿಯ ಲೆಕ್ಕ: ಕೆಲವು ನಂಬಿಕೆಗಳು, ಕೆಲವು ನಿಜಗಳು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೆರಡು ವರ್ಷ ಕಳೆದು, ಪತ್ರಿಕೆಗಳು ಒಂದರ ಮೇಲೊಂದು ಬಾಕಿ ಬಿದ್ದು, ಅಥವಾ ಪತ್ರಿಕೆಗಳೆಲ್ಲ ತೇರ್ಗಡೆಯಾಗಿದ್ದರೂ ಮನಸ್ಸು ಆ ವಿದ್ಯೆಯಲ್ಲಿ ನೆಲೆ ನಿಲ್ಲದೆ, ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಮೊದಲಿನಿಂದ ಓದುವೆನೆಂದು ನಿಶ್ಚಯಿಸಿದ ತರುಣನೊಬ್ಬನು ಮನೆಯಲ್ಲಿ ಆ ಮಾತನ್ನೆತ್ತಿದರೆ, ಅವನಿಗೆ ಎದುರಾಗುವ ಮೊದಲ ಪ್ರಶ್ನೆ ವಿದ್ಯೆಯನ್ನು ಕುರಿತದ್ದಾಗಿರುವುದು ಅಪರೂಪ. ಅದು ಹಣವನ್ನು ಕುರಿತದ್ದು. ಕಟ್ಟಿದ್ದೆಲ್ಲ ನೀರುಪಾಲಾಯಿತೆಂದು ಒಬ್ಬರು, ಉಳಿದ ವರ್ಷಗಳ ಫೀಸನ್ನೂ ಕಟ್ಟಿಸಿಕೊಳ್ಳದೆ ಕಾಲೇಜಿನವರು ಟಿ.ಸಿ. ಕೊಡರೆಂದು ಮತ್ತೊಬ್ಬರು, ಬ್ಯಾಂಕಿನವರು ಇನ್ನೊಮ್ಮೆ ಮುಖವೆತ್ತಿಯೂ ನೋಡರೆಂದು ಮಗುದೊಬ್ಬರು, ವಿದ್ಯಾರ್ಥಿವೇತನ ಜನ್ಮಕ್ಕೊಂದೇ ಸಲವೆಂದು ಎಲ್ಲರೂ ಸೇರಿ ಹೇಳುವರು. ಮದುವೆಮನೆಯ ಪಂಕ್ತಿಯಲ್ಲಿಯೂ ಬಸ್ಸಿನ ಸೀಟಿನಲ್ಲಿಯೂ ಸಂಗ್ರಹವಾದ ಈ ಅರ್ಥಶಾಸ್ತ್ರದಲ್ಲಿ ಪೂರ್ಣವಾದ ಸುಳ್ಳು ಕಡಮೆ. ಅರ್ಧ ನಿಜವೇ ಬಹಳ. ಅರ್ಧ ನಿಜವಾದುದರಿಂದಲೇ ಅದನ್ನು ತೊಡೆಯುವುದು ಕಷ್ಟ.

ಕಟ್ಟಿದ ಹಣ ಹೋದಂತೆಯೇ ಎಂಬ ಮಾತನ್ನು ಮೊದಲು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಪ್ರಕಟಣೆಯ ಪ್ರಕಾರ, ಪ್ರವೇಶದ ಕೊನೆಯ ದಿನವೆಂದು ಅಧಿಕೃತವಾಗಿ ಸಾರಲ್ಪಟ್ಟ ದಿನಕ್ಕೆ ಹದಿನೈದು ದಿನವಾಗಲಿ ಅದಕ್ಕಿಂತ ಹೆಚ್ಚಾಗಲಿ ಮುಂಚಿತವಾಗಿ ಸೀಟು ಬಿಟ್ಟವನಿಗೆ ಶುಲ್ಕವು ಪೂರ್ತಿಯಾಗಿ ಹಿಂತಿರುಗತಕ್ಕದ್ದು. ಕಚೇರಿಯ ಖರ್ಚೆಂದು ಶೇ. 5ರಷ್ಟನ್ನು, ಅದೂ 5,000 ರೂಪಾಯಿ ಮೀರದಂತೆ, ಹಿಡಿದುಕೊಳ್ಳಬಹುದು. ಆ ದಿನಕ್ಕೆ ಹದಿನೈದಕ್ಕಿಂತ ಕಡಮೆ ದಿನ ಉಳಿದಿರುವಾಗ ಬಿಟ್ಟರೆ ಶೇ. 90; ಆ ದಿನ ಕಳೆದ ಮೇಲೆ ಹದಿನೈದು ದಿನದೊಳಗಾದರೆ ಶೇ. 80, ಮೂವತ್ತು ದಿನದೊಳಗಾದರೆ ಶೇ. 50; ಅಲ್ಲಿಂದಾಚೆಗೆ ಶೂನ್ಯ. ಪ್ರವೇಶದ ಕೊನೆಯ ದಿನ ಆಗಸ್ಟ್ 31 ಆಗಿದ್ದು, ಒಂದು ಲಕ್ಷ ರೂಪಾಯಿ ಕಟ್ಟಿದವನು ಸೆಪ್ಟೆಂಬರ್ 14ರಂದು ಪತ್ರ ಕೊಟ್ಟರೆ ಎಂಬತ್ತು ಸಾವಿರವೂ, ಸೆಪ್ಟೆಂಬರ್ 20ರಂದು ಕೊಟ್ಟರೆ ಐವತ್ತು ಸಾವಿರವೂ ಅವನಿಗೆ ಸಲ್ಲಬೇಕು. ಅಕ್ಟೋಬರ್ 1ರಂದು ಕೊಟ್ಟರೆ ಏನೂ ಇಲ್ಲ. ಕಾಷನ್ ಡಿಪಾಸಿಟ್ಟು ಈ ಲೆಕ್ಕಕ್ಕೆ ಹೊರಗಿನದು; ಅದು ಬೇರೆಯಾಗಿ ಬರಬೇಕು. ಬರಹದ ಅರ್ಜಿ ತಲಪಿದ ಹದಿನೈದು ದಿನಗಳಲ್ಲಿ ಹಣ ಸಂದಾಯವಾಗಬೇಕೆಂಬುದೂ ಅದೇ ಪ್ರಕಟಣೆಯಲ್ಲಿದೆ. ಈಚಿನ ಕೆಲವು ವರ್ಷಗಳಲ್ಲಿ, ಪ್ರವೇಶದ ಕಾಲ ಹಿಂದುಮುಂದಾದ ಕಾರಣ, ಆಯೋಗವು ಇದಕ್ಕಿಂತ ಉದಾರವಾದ ದಿನಾಂಕಗಳನ್ನು ಗೊತ್ತುಮಾಡಿದ್ದುಂಟು. ಆಯಾ ವರ್ಷದ ಆದೇಶವನ್ನು ಆಯಾ ವರ್ಷವೇ ನೋಡತಕ್ಕದ್ದು.

ಇಲ್ಲಿ ಗಮನಿಸಬೇಕಾದುದು ಅರ್ಜಿ ಬರಹದಲ್ಲಿರಬೇಕೆಂಬ ಅಂಶ. ನಮ್ಮ ಹುಡುಗರು ಕಾಲೇಜು ಬಿಡುವ ರೀತಿ ಹೇಗೆಂದರೆ, ಮೊದಲು ತರಗತಿಗೆ ಹೋಗುವುದನ್ನು ನಿಲ್ಲಿಸುವರು. ಆಮೇಲೆ ಹಾಸ್ಟೆಲಿನ ಕೋಣೆಯಲ್ಲಿ ಮಲಗುವರು. ಆಮೇಲೆ ಹಬ್ಬಕ್ಕೆಂದು ಊರಿಗೆ ಬಂದವರು ಹಿಂದಿರುಗುವುದಿಲ್ಲ. ತಂದೆಗೆ ವಿಷಯ ತಿಳಿಯುವ ಹೊತ್ತಿಗೆ ದೀಪಾವಳಿ ಕಳೆದಿರುತ್ತದೆ. ಮನಸ್ಸಿನಲ್ಲಿ ಜುಲೈಯಲ್ಲಿಯೇ ಬಿಟ್ಟಿದ್ದವನು ಕಾಗದದ ಮೇಲೆ ನವೆಂಬರಿನಲ್ಲಿ ಬಿಟ್ಟವನಾಗುವನು. ನಿಯಮಕ್ಕೆ ಗೊತ್ತಿರುವುದು ಕಾಗದವೊಂದೇ. ಹಣವನ್ನು ನುಂಗುವುದು ಕೋರ್ಸನ್ನು ಬಿಡುವ ಕ್ರಿಯೆಗಿಂತ ಹೆಚ್ಚಾಗಿ, ಬಿಟ್ಟುದನ್ನು ಯಾರಿಗೂ ಹೇಳದಿರುವ ಮೌನ. ಮುಂದೆ ಹೇಳುವ ಪ್ರತಿಯೊಂದು ಪ್ರಕರಣದಲ್ಲಿಯೂ ಇದೇ ಸಂಗತಿ ಬೇರೆ ಬೇರೆ ವೇಷದಲ್ಲಿ ಕಾಣಿಸುವುದು.

ಉಳಿದ ವರ್ಷಗಳ ಫೀಸಿನ ಭಯಕ್ಕೆ ಒಂದು ಚರಿತ್ರೆ ಇದೆ, ಅದೂ ಕರ್ನಾಟಕದ ಹೆಸರನ್ನು ಹೊತ್ತ ಚರಿತ್ರೆ. ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಷನ್ ಮತ್ತು ಕರ್ನಾಟಕ ರಾಜ್ಯ ಇವರ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಕೊಟ್ಟ ತೀರ್ಪಿನಲ್ಲಿ, ವಿದ್ಯಾಸಂಸ್ಥೆಯು ಒಂದು ಸಲಕ್ಕೆ ಒಂದು ವರ್ಷದ ಅಥವಾ ಒಂದು ಸೆಮಿಸ್ಟರಿನ ಶುಲ್ಕವನ್ನು ಮಾತ್ರ ತೆಗೆದುಕೊಳ್ಳಬಹುದೆಂದೂ, ವಿದ್ಯಾರ್ಥಿಯು ನಡುವೆ ಬಿಟ್ಟುಹೋದಾನೆಂಬ ಶಂಕೆ ಇದ್ದಲ್ಲಿ ಹೆಚ್ಚೆಂದರೆ ಉಳಿದ ಶುಲ್ಕಕ್ಕೆ ಬಾಂಡನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಕೇಳಬಹುದೆಂದೂ ಹೇಳಲ್ಪಟ್ಟಿತು. ಈ ‘ಹೆಚ್ಚೆಂದರೆ’ಯು ಜನರ ಬಾಯಲ್ಲಿ ‘ಯಾವಾಗಲೂ’ ಆಗಿ ಬೆಳೆಯಿತು. ಬಾಂಡನ್ನೇ ಬರೆದುಕೊಡದವನೂ ನಾಲ್ಕು ವರ್ಷದ ಹಣಕ್ಕೆ ತಾನು ಬದ್ಧನೆಂದು ತಿಳಿಯತೊಡಗಿದನು. ಆದರೆ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯು, ಅಂದರೆ ನಮ್ಮವರು ಎ.ಐ.ಸಿ.ಟಿ.ಇ. ಎನ್ನುವ ಸಂಸ್ಥೆಯು, ತನ್ನ ಅನುಮೋದನೆಯ ಕೈಪಿಡಿಯಲ್ಲಿ ವಿದ್ಯಾರ್ಥಿಯು ಯಾವಾಗ ಸೀಟು ಬಿಟ್ಟರೂ ಮುಂದಿನ ವರ್ಷಗಳ ಶುಲ್ಕವನ್ನು ಅವನಿಂದ ಕೇಳಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಂಡಂತೆ ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯನ್ನು ಆಯೋಗವೂ ಮಂಡಳಿಯೂ ನಿಷೇಧಿಸಿವೆ. ನಿಷೇಧವಿದ್ದ ಮಾತ್ರಕ್ಕೆ ಪದ್ಧತಿ ನಿಂತಿತೆಂದು ಹೇಳಲಾರೆ. ಗುಮಾಸ್ತರ ಮೇಜಿನ ಮುಂದೆ ನಿಂತು ಬಾಯಿಮಾತಿನಲ್ಲಿ ಅಂಗಲಾಚುವವನಿಗೂ, ನಿಯಮವನ್ನು ಉದ್ಧರಿಸಿ ಪ್ರಾಂಶುಪಾಲರಿಗೆ ರಶೀದಿ ದೊರೆಯುವ ಅಂಚೆಯಲ್ಲಿ ಪತ್ರ ಕಳುಹಿಸಿದವನಿಗೂ ದೊರೆಯುವ ಉತ್ತರ ಒಂದೇ ಆಗಿರುವುದಿಲ್ಲ ಎಂಬಷ್ಟನ್ನು ಮಾತ್ರ ಹೇಳಬಹುದು. ವೈದ್ಯಕೀಯ ಸೀಟಿನ ವಿಚಾರ ಪ್ರತ್ಯೇಕ. ಅಲ್ಲಿ ಬಾಂಡೂ ಉಂಟು, ದಂಡವೂ ಉಂಟು, ಅವು ಹಗುರವಾದುವೂ ಅಲ್ಲ. ಅಲ್ಲಿಂದ ಹೊರಡುವವನು ತಾನು ಸಹಿ ಹಾಕಿದ ಕಾಗದವನ್ನು ಮೊದಲು ಓದಲಿ.

ಬ್ಯಾಂಕಿನ ಸಾಲದ ವಿಷಯದಲ್ಲಿ ತಪ್ಪು ಕಲ್ಪನೆಗಳು ದಟ್ಟವಾಗಿ ಬೆಳೆದಿರುವುದರಿಂದ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಎಂಟು ಲಕ್ಷ ಮಂಜೂರಾಗಿದ್ದರೆ ಎಂಟು ಲಕ್ಷವೂ ತಲೆಯ ಮೇಲೆ ಬಂದಿತೆಂದು ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ವಸ್ತುತಃ ವಿದ್ಯಾಸಾಲವು ಸಾಮಾನ್ಯವಾಗಿ ಕಂತುಕಂತಾಗಿ, ಸೆಮಿಸ್ಟರಿನ ಅಥವಾ ವರ್ಷದ ಶುಲ್ಕದ ವಾಯಿದೆಗೆ ಸರಿಯಾಗಿ, ಬ್ಯಾಂಕಿನಿಂದ ನೇರವಾಗಿ ಕಾಲೇಜಿಗೆ ಹೋಗುವುದು. ಬಿಡುಗಡೆಯಾದ ಹಣಕ್ಕೂ ಅದರ ಮೇಲಿನ ಬಡ್ಡಿಗೂ ಮಾತ್ರ ನೀವು ಋಣಿಗಳು. ಎರಡನೆಯ ವರ್ಷದ ಕೊನೆಯಲ್ಲಿ ಬಿಟ್ಟವನು ಎರಡು ವರ್ಷದ ಸಾಲಗಾರನೇ ಹೊರತು ನಾಲ್ಕು ವರ್ಷದವನಲ್ಲ. ಕಾಲೇಜಿನಿಂದ ಹಿಂತಿರುಗುವ ಶುಲ್ಕವು ಮಾತ್ರ, ಬ್ಯಾಂಕಿನ ಹಣದಿಂದ ಕಟ್ಟಿದ್ದಾದರೆ, ಸಾಲದ ಖಾತೆಗೇ ಸೇರತಕ್ಕದ್ದು. ಅದನ್ನು ಹೊಸ ಕಾಲೇಜಿನ ಪ್ರವೇಶಕ್ಕೆ ತಿರುಗಿಸಿಕೊಳ್ಳುವ ಸ್ವಾತಂತ್ರ್ಯ ನಮಗಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೊಂದಿದೆ. ಓದು ನಿಂತಿತು, ಆದುದರಿಂದ ಸಾಲವೂ ನಿಂತಿತು ಎಂಬುದು ಅದು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಮರುಪಾವತಿಗೆ ಕೊಟ್ಟಿರುವ ವಿರಾಮ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ. ಆಮೇಲೆ ಹದಿನೈದು ವರ್ಷಗಳವರೆಗೆ ತೀರಿಸಬಹುದು. ಆದರೆ ಕೋರ್ಸೇ ಇಲ್ಲವಾದ ಮೇಲೆ ಕೋರ್ಸಿನ ಅವಧಿಯೆಂಬ ಆಧಾರ ಎಲ್ಲಿಯದು? ಬ್ಯಾಂಕಿಗೆ ವಿಷಯ ತಿಳಿಸದೆ ಆ ವಿರಾಮದ ನೆರಳಿನಲ್ಲಿ ಕುಳಿತವರ ಬಡ್ಡಿ, ಸದ್ದಿಲ್ಲದೆ, ಅವರು ಮಲಗಿದ್ದಾಗಲೂ ಬೆಳೆಯುವುದು. ಸಾಲದ ಕಾಗದಕ್ಕೆ ತಂದೆಯೋ ತಾಯಿಯೋ ಜಂಟಿಯಾಗಿ ಸಹಿ ಹಾಕಿರುವರಾದ್ದರಿಂದ, ಕಂತು ತಪ್ಪಿದ ಕಲೆ ಮಗನ ದಾಖಲೆಗೆ ಮಾತ್ರವಲ್ಲ, ಅವರ ದಾಖಲೆಗೂ ತಗಲುವುದು. ತಮ್ಮನ ಓದಿಗೆ ಸಾಲ ಕೇಳಲು ಹೋದಾಗ ಅಣ್ಣನ ಕಥೆ ಹೊರಬರುವುದು ಹೀಗೆ.

ಎರಡನೆಯ ಸಲ ಸಾಲವೇ ಸಿಕ್ಕದೆ? ಒಬ್ಬನಿಗೆ ಒಂದೇ ವಿದ್ಯಾಸಾಲವೆಂಬ ನಿಯಮ ಮಾದರಿ ಯೋಜನೆಯಲ್ಲಿಲ್ಲ. ಬ್ಯಾಂಕು ನೋಡುವುದು ಹಳೆಯ ಸಾಲದ ಸ್ಥಿತಿಯನ್ನು, ಹೊಸ ಕೋರ್ಸಿನ ಮತ್ತು ಕಾಲೇಜಿನ ಯೋಗ್ಯತೆಯನ್ನು. ಕಂತು ಬಾಕಿಯಿಲ್ಲದೆ, ಬಿಟ್ಟ ಕಾರಣವನ್ನು ವಿವರಿಸುವ ಪತ್ರದೊಡನೆ ಬಂದವನ ಅರ್ಜಿಯನ್ನು ಕೇಳದೆ ತಳ್ಳಲು ಶಾಖೆಯ ವ್ಯವಸ್ಥಾಪಕರಿಗೆ ಕಾರಣ ಕಡಮೆ. ಸಾಲ ತೀರಿಸಿದ ಚರಿತ್ರೆಯನ್ನು ಅಳೆಯುವ ಸಿಬಿಲ್ ಅಂಕ ಕುಸಿದವನಿಗೆ ಬಾಗಿಲು ಮುಚ್ಚಿತೆಂದೂ ಹೇಳಲಾಗದು. ವಿದ್ಯಾರ್ಥಿಯ ಸಿಬಿಲ್ ಅಂಕ ಕಡಮೆಯಿದೆ ಎಂಬ ಕಾರಣವೊಂದರಿಂದಲೇ ವಿದ್ಯಾಸಾಲವನ್ನು ನಿರಾಕರಿಸಕೂಡದೆಂದು ಕೇರಳದ ಉಚ್ಚ ನ್ಯಾಯಾಲಯವು 2023ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ. ಅದು ಒಂದು ಪ್ರಕರಣದ ಆದೇಶ. ಅದನ್ನು ಹಿಡಿದು ನಮ್ಮ ಊರಿನ ಶಾಖೆಯನ್ನು ಕಟ್ಟಿಹಾಕಬಹುದೆಂದು ಭಾವಿಸುವುದೂ ಇನ್ನೊಂದು ಭ್ರಮೆ.

ಆದರೆ ಬಡ್ಡಿಯ ಸಹಾಯಧನದ ವಿಷಯದಲ್ಲಿ ಜನರ ಭೀತಿ ನ್ಯಾಯವಾದದ್ದು. ವರ್ಷಕ್ಕೆ ನಾಲ್ಕೂವರೆ ಲಕ್ಷ ರೂಪಾಯಿಯವರೆಗೆ ವರಮಾನವಿರುವ ಕುಟುಂಬಗಳ ಮಕ್ಕಳಿಗಾಗಿ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ, ಕೇಂದ್ರ ಸರ್ಕಾರವು 2009ರಿಂದ ನಡೆಸಿಕೊಂಡು ಬಂದಿರುವ ಯೋಜನೆಯಲ್ಲಿ, ಓದನ್ನು ನಡುವೆ ಬಿಟ್ಟವನಿಗೂ ಶಿಸ್ತಿನ ಅಥವಾ ಅಭ್ಯಾಸದ ಕಾರಣಕ್ಕೆ ಹೊರಹಾಕಲ್ಪಟ್ಟವನಿಗೂ ಸಹಾಯಧನ ಇಲ್ಲವೆಂದು ಬರೆದಿದೆ. ಅಪವಾದ ಒಂದೇ: ಅನಾರೋಗ್ಯದಿಂದ ಬಿಟ್ಟಿದ್ದರೆ, ಸಂಸ್ಥೆಯ ಮುಖ್ಯಸ್ಥರಿಗೆ ತೃಪ್ತಿಯಾಗುವಂತೆ ದಾಖಲೆ ಒಪ್ಪಿಸಿದರೆ, ಸಹಾಯ ಉಳಿಯುವುದು. ಹುಡುಗನು ಖಿನ್ನತೆಯಿಂದಲೋ ದೀರ್ಘರೋಗದಿಂದಲೋ ಕಾಲೇಜು ಬಿಟ್ಟಿರುವ ಎಷ್ಟೋ ಮನೆಗಳಲ್ಲಿ, ನಾಲ್ಕು ಜನಕ್ಕೆ ತಿಳಿದೀತೆಂಬ ಸಂಕೋಚದಿಂದ ವೈದ್ಯರ ಪ್ರಮಾಣಪತ್ರವನ್ನೇ ಪಡೆಯದೆ, ‘ಸ್ವಂತ ಕಾರಣ’ ಎಂದು ಬರೆದುಕೊಟ್ಟು ಬರುವರು. ಆ ಎರಡು ಪದಗಳ ಬೆಲೆ ಓದಿನ ಅವಧಿಯ ಬಡ್ಡಿಯಷ್ಟು. ಮಾನ ಉಳಿಯಿತೆಂಬ ಸಮಾಧಾನವನ್ನು ಇಷ್ಟು ದುಬಾರಿಯಾಗಿ ಕೊಳ್ಳಬೇಕೆ ಎಂದು ನನಗೆ ಅನ್ನಿಸಿದ್ದುಂಟು.

2024ರ ನವೆಂಬರಿನಲ್ಲಿ ಕೇಂದ್ರದ ಸಚಿವ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯು ಬಂದ ಮೇಲೆ ಎಲ್ಲರಿಗೂ ಜಾಮೀನಿಲ್ಲದೆ ಸಾಲ ಸಿಕ್ಕುವುದೆಂಬ ಮಾತೂ ಹಬ್ಬಿದೆ. ಅದು ಎಲ್ಲ ಕಾಲೇಜುಗಳಿಗೂ ಅನ್ವಯಿಸುವುದಲ್ಲ. ರಾಷ್ಟ್ರೀಯ ಶ್ರೇಯಾಂಕದ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಿಗೆ, ಆರಂಭದಲ್ಲಿ 860 ಸಂಸ್ಥೆಗಳಿಗೆ, ಸೀಮಿತವಾದದ್ದು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಅದು ಸಲ್ಲದು. ಎಂಟು ಲಕ್ಷದವರೆಗಿನ ವರಮಾನದ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ವಿರಾಮದ ಅವಧಿಯಲ್ಲಿ ಶೇ. 3ರಷ್ಟು ಬಡ್ಡಿಯ ರಿಯಾಯಿತಿ ಉಂಟು, ಅದೂ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿಯೊಳಗೆ. ಹೊಸದಾಗಿ ಆರಂಭಿಸುವವನಿಗೆ ಇದರಲ್ಲಿ ಒಂದು ಅನುಕೂಲವಿದೆ: ಪಟ್ಟಿಯಲ್ಲಿರುವ ಸಂಸ್ಥೆಯಾದರೆ ತಾಂತ್ರಿಕ ಕೋರ್ಸೇ ಆಗಬೇಕೆಂಬ ನಿರ್ಬಂಧ ಇಲ್ಲಿಲ್ಲ.

ವಿದ್ಯಾರ್ಥಿವೇತನ ಒಂದೇ ಸಲವೆಂಬ ನಂಬಿಕೆಯನ್ನು ಬಿಡಿಸಿ ನೋಡಿದರೆ ಅದರ ಮೂಲ ಕಾಣುವುದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್-ನಂತರದ ವೇತನದ ಮಾರ್ಗಸೂಚಿಯಲ್ಲಿ, ಒಂದು ಹಂತದಲ್ಲಿ ತೇರ್ಗಡೆಯಾದ ಮೇಲೆ ಅದೇ ಹಂತವನ್ನು ಬೇರೆ ವಿಷಯದಲ್ಲಿ ಓದುವವನಿಗೆ, ಅಂದರೆ ಬಿ.ಎ. ಮುಗಿಸಿ ಬಿ.ಕಾಂ. ಸೇರಿದವನಿಗೆ, ವೇತನವಿಲ್ಲವೆಂದಿದೆ. ಮುಗಿಸದೆ ಬಿಟ್ಟವನನ್ನು ಆ ವಾಕ್ಯ ಹೇಳುವುದಿಲ್ಲ. ಆದರೆ ಅಷ್ಟಕ್ಕೇ ಹರ್ಷಪಡುವಂತಿಲ್ಲ. ವರ್ಷದ ನಡುವೆ ಓದು ನಿಲ್ಲಿಸಿದವನಿಂದ ಆ ವೇತನವನ್ನು ಹಿಂದಕ್ಕೆ ಪಡೆಯುವ ಅಧಿಕಾರವನ್ನು ಅದೇ ಮಾರ್ಗಸೂಚಿ ರಾಜ್ಯ ಸರ್ಕಾರದ ವಿವೇಚನೆಗೆ ಬಿಟ್ಟಿದೆ, ಅನುಮತಿಯಿಲ್ಲದೆ ವಿಷಯವನ್ನೋ ಕಾಲೇಜನ್ನೋ ಬದಲಿಸಿದವನ ವೇತನ ನಿಲ್ಲಿಸುವ ಅಧಿಕಾರವೂ ಅಲ್ಲಿದೆ. ಆದಕಾರಣ ರಾಜ್ಯದ ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ಹೊಸ ಅರ್ಜಿ ತುಂಬುವುದಕ್ಕೆ ಮುಂಚೆ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಗೆ ಹೋಗಿ ಹಳೆಯ ಮಂಜೂರಾತಿಯ ಗತಿಯೇನೆಂದು ವಿಚಾರಿಸಿಬರುವುದು ಲೇಸು.

ಓದಿದ ವರ್ಷಗಳು ವ್ಯರ್ಥವಾಗವು, ಅವು ಕ್ರೆಡಿಟ್ಟಾಗಿ ಬ್ಯಾಂಕಿನಲ್ಲಿವೆ ಎಂಬ ಹೊಸ ಆಶಾವಾದದ ಬಗೆಗೆ ನನಗೆ ಅರೆನಂಬಿಕೆ. ಧನಸಹಾಯ ಆಯೋಗದ 2021ರ ನಿಯಮದಂತೆ ಸ್ಥಾಪಿತವಾದ ಕ್ರೆಡಿಟ್ ಬ್ಯಾಂಕಿನಲ್ಲಿ ಗಳಿಸಿದ ಕ್ರೆಡಿಟ್ಟುಗಳು ಏಳು ವರ್ಷ ಉಳಿಯುವುದು ನಿಜ. ಆದರೆ ಅವುಗಳಲ್ಲಿ ಎಷ್ಟನ್ನು ಒಪ್ಪಬೇಕೆಂಬುದನ್ನು ನಿರ್ಧರಿಸತಕ್ಕದ್ದು ಹೊಸದಾಗಿ ಸೇರುವ ವಿಶ್ವವಿದ್ಯಾನಿಲಯ. ಇಂಜಿನಿಯರಿಂಗ್ ಡ್ರಾಯಿಂಗಿನ ಅಂಕ ಬಿ.ಎ. ತರಗತಿಯಲ್ಲಿ ಯಾವ ಬೆಲೆಗೆ ಸಂದೀತು? ಕರ್ನಾಟಕವಂತೂ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024-25ರಿಂದ ಮೂರು ವರ್ಷದ ಕ್ರಮಕ್ಕೆ ಮರಳಿದೆ. ಹಳೆಯ ಕ್ರೆಡಿಟ್ಟುಗಳಿಂದ ಒಂದು ವರ್ಷದ ಶುಲ್ಕ ಉಳಿಯುವುದೆಂದು ಮನೆಯ ಲೆಕ್ಕ ಹಾಕುವ ಮೊದಲು ಕುಲಸಚಿವರ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯತಕ್ಕದ್ದು.

ಕೊನೆಗೆ, ಒಂದನ್ನು ಬಿಡದೆ ಇನ್ನೊಂದನ್ನು ಹಿಡಿಯಲಾಗದೆಂಬ ನಂಬಿಕೆ. ಇದು ಒಂದು ಕಾಲಕ್ಕೆ ನಿಯಮವೇ ಆಗಿತ್ತು. 2022ರ ಏಪ್ರಿಲಿನಲ್ಲಿ ಧನಸಹಾಯ ಆಯೋಗವು ಏಕಕಾಲದಲ್ಲಿ ಎರಡು ಕೋರ್ಸುಗಳನ್ನು ಓದಲು ಅವಕಾಶ ಕೊಟ್ಟಿತು. ಒಂದು ಕಾಲೇಜಿಗೆ ಹೋಗಿ ಓದುವಂಥದೂ ಇನ್ನೊಂದು ದೂರಶಿಕ್ಷಣದ್ದೂ ಆಗಬಹುದು. ಆಯಾ ವೃತ್ತಿಯ ಮಂಡಳಿಯ ಮತ್ತು ವಿಶ್ವವಿದ್ಯಾನಿಲಯದ ಒಪ್ಪಿಗೆ ಇರಬೇಕೆಂಬುದೊಂದು ಷರತ್ತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಿಂದ ಬೆಳೆದು 1996ರಲ್ಲಿ ಸ್ವತಂತ್ರವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿಯಾಗಲಿ, 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿಯಾಗಲಿ ಬಿ.ಎ. ಓದುವ ಶುಲ್ಕ ಖಾಸಗಿ ಇಂಜಿನಿಯರಿಂಗ್ ಸೀಟಿನ ಶುಲ್ಕದ ಸಣ್ಣದೊಂದು ಭಾಗ. ಇತಿಹಾಸ ತನಗೆ ಒಲಿದಿದೆಯೋ, ಅಥವಾ ಗಣಿತದ ಮೇಲಿನ ಮುನಿಸು ಇತಿಹಾಸದ ಪ್ರೀತಿಯಂತೆ ತೋರುತ್ತಿದೆಯೋ ಎಂದು ಸಂಶಯವಿರುವವನು ಆ ಅಲ್ಪ ವೆಚ್ಚದಲ್ಲಿ ಒಂದು ವರ್ಷ ಓದಿ ನೋಡಬಹುದು. ಅಷ್ಟು ಕಾಲ ಸಾಲವೂ ಸಹಾಯಧನವೂ ಕದಲದೆ ಇದ್ದಲ್ಲಿಯೇ ಇರುವುವು. ಇಂದಿರಾ ಗಾಂಧಿ ವಿಶ್ವವಿದ್ಯಾನಿಲಯದಲ್ಲಿ ಜುಲೈಯ ಪ್ರವೇಶ ತಪ್ಪಿದವರಿಗೆ ಜನವರಿಯ ಪ್ರವೇಶವೂ ಉಂಟು.